ರಂಗಪ್ರಶ್ನೆ: ಸರ್ಕಾರದ ಹಣದಿಂದ ನಡೆಯುವ ನಾಟಕಕ್ಕೆ ಟಿಕೆಟ್ ಏಕೆ, ಎಷ್ಟು?

ಈ ಸಲದ ಅಂಕಣಕ್ಕೆ ಧಾರವಾಡ, ಹುಬ್ಬಳ್ಳಿ, ಗದಗ ಮತ್ತು ಹಾವೇರಿಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ನಾಟಕದ ಟಿಕೆಟ್ ದರವನ್ನೇ ಕುರಿತಿದ್ದುದರಿಂದ, ಉಳಿದ ವಿಷಯಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವುಗಳಿಗೆ ಮಾತ್ರ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಹವ್ಯಾಸಿ ತಂಡಕ್ಕೆ ಸರ್ಕಾರದ ಅನುದಾನ ದೊರೆಯುತ್ತದೆ, ನಾಟಕ ಆಡುವುದೂ ಸರ್ಕಾರಿ ರಂಗಮಂದಿರದಲ್ಲಿಯೇ. ಈ ವರ್ಷ 50 ರೂಪಾಯಿ ಟಿಕೆಟ್ ಇಟ್ಟಾಗ ಕೆಲವು ಹಿರಿಯರು, “ನಮ್ಮ ತೆರಿಗೆಯಿಂದ ನಡೆಯುವ ನಾಟಕ ನೋಡಲು ನಾವೇ ಮತ್ತೆ ದುಡ್ಡು ಕೊಡಬೇಕೇ?” ಎಂದು ಕೇಳಿದರು. ತಂಡದ ಕಿರಿಯರು ಇದಕ್ಕೆ ತದ್ವಿರುದ್ಧವಾಗಿ, 200 ರೂಪಾಯಿ ಇಟ್ಟರೇ ನಾಟಕಕ್ಕೆ ಮರ್ಯಾದೆ ಎನ್ನುತ್ತಾರೆ. ಯಾರ ಮಾತು ಸರಿ?
— ಹವ್ಯಾಸಿ ತಂಡವೊಂದರ ಕಾರ್ಯದರ್ಶಿ, ಧಾರವಾಡ

ಉತ್ತರ: ಹಿರಿಯರ ಮಾತಿನಲ್ಲಿ ನ್ಯಾಯವಿದೆ, ಆದರೆ ಆ ನ್ಯಾಯವನ್ನು ಕೊನೆಯವರೆಗೆ ಒಯ್ದರೆ ಅದು ಅವರಿಗೇ ಎದುರಾಗಿ ನಿಲ್ಲುತ್ತದೆ. ಕುಂದಗೋಳದ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವ ಹೆಣ್ಣುಮಗಳು ಸಾಬೂನು ಕೊಂಡಾಗಲೂ, ಮೊಬೈಲಿಗೆ ದುಡ್ಡು ಹಾಕಿಸಿದಾಗಲೂ ಸರ್ಕಾರಕ್ಕೆ ತೆರಿಗೆ ಸಲ್ಲಿಸಿರುತ್ತಾಳೆ, ಮತ್ತು ಆ ಹಣದ ಒಂದು ಕಣ ಅನುದಾನವಾಗಿ ನಿಮ್ಮ ತಂಡಕ್ಕೂ ಬಂದಿರುತ್ತದೆ. ನಾಟಕವನ್ನು ಪೂರ್ತಿ ಉಚಿತವಾಗಿ ತೋರಿಸಿದಾಗ ಅದರ ಪ್ರಯೋಜನ ಸಿಗುವುದು ಬಹುಮಟ್ಟಿಗೆ ರಂಗಮಂದಿರದ ಆಸುಪಾಸಿನಲ್ಲಿ ಮನೆಯಿರುವ, ಸಂಜೆ ಬಿಡುವಿರುವ, ನಾಟಕದ ಸುದ್ದಿ ಮೊದಲೇ ತಿಳಿಯುವ, ಸಂಘಟಕರ ಪರಿಚಯವಿರುವ ನಮ್ಮಂಥವರಿಗೆ. ಆಕೆಯ ದುಡ್ಡಿನಲ್ಲಿ ನಾವು ನಾಟಕ ನೋಡಿದಂತಾಗುತ್ತದೆ. 100 ರೂಪಾಯಿ ಕೊಡಲು ಶಕ್ತರಾದವರಿಂದ ಅದನ್ನು ಪಡೆದು, ಕೊಡಲಾಗದವರಿಗೆ 20–30 ರೂಪಾಯಿಗೆ ಕುರ್ಚಿ ಒದಗಿಸುವುದೇ ತೆರಿಗೆಯ ಹಣಕ್ಕೆ ನಾವು ತೋರಬಹುದಾದ ಹೆಚ್ಚಿನ ನಿಷ್ಠೆ ಎಂದು ನಾನು ನಂಬುತ್ತೇನೆ.

ಕಿರಿಯರು ಹೇಳುವ 200 ರೂಪಾಯಿಯ ವಿಚಾರಕ್ಕೆ ಬರುವ ಮೊದಲು ನಾಟಕಕ್ಕೆ ಅನುದಾನ ಏಕೆ ಬೇಕಾಗುತ್ತದೆ ಎಂಬುದನ್ನು ಸ್ವಲ್ಪ ವಿಚಾರಿಸಬೇಕು. 1966ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರಾದ ವಿಲಿಯಂ ಬಾಮೋಲ್ ಮತ್ತು ವಿಲಿಯಂ ಬೋವೆನ್ ಅವರು ರಂಗಕಲೆಗಳ ಲೆಕ್ಕಾಚಾರವನ್ನು ಕೂಲಂಕಷವಾಗಿ ಪರಿಶೀಲಿಸಿ ಒಂದು ತೊಡಕನ್ನು ಗುರುತಿಸಿದರು. ಅದನ್ನು ನಮ್ಮ ಕಡೆಯ ಉದಾಹರಣೆಯಿಂದಲೇ ಹೇಳಬಹುದು. ಬೆಟಗೇರಿಯ ಕೈಮಗ್ಗದ ಜಾಗಕ್ಕೆ ವಿದ್ಯುತ್ ಮಗ್ಗ ಬಂದರೆ ಒಬ್ಬರು ದಿನಕ್ಕೆ ನೇಯುವ ಬಟ್ಟೆ ಹಲವು ಪಟ್ಟು ಹೆಚ್ಚುತ್ತದೆ, ಹೀಗಾಗಿ ಕೂಲಿ ಏರಿದರೂ ಗಜ ಬಟ್ಟೆಗೆ ತಗಲುವ ಖರ್ಚು ಹಿಡಿತದಲ್ಲಿರುತ್ತದೆ. ನಾಟಕದಲ್ಲಿ ಈ ಅನುಕೂಲವಿಲ್ಲ. ಹನ್ನೆರಡು ಪಾತ್ರಗಳ ಎರಡೂವರೆ ತಾಸಿನ ನಾಟಕಕ್ಕೆ ನೂರು ವರ್ಷದ ಹಿಂದೆ ಹನ್ನೆರಡು ಜನ ಎರಡೂವರೆ ತಾಸು ರಂಗದ ಮೇಲೆ ದುಡಿಯಬೇಕಿತ್ತು. ಇಂದಿಗೂ ಹನ್ನೆರಡೇ ಜನ, ಅಷ್ಟೇ ತಾಸು, ತಾಲೀಮು ಬೇರೆ. ಇತ್ತ ಹೊರಗಿನ ಲೋಕದಲ್ಲಿ ಸಂಬಳ ಏರಿದಂತೆ ನಟರ, ಬೆಳಕಿನವರ, ಪ್ರಸಾಧನದವರ ಸಂಭಾವನೆಯೂ ಏರಲೇಬೇಕು, ಇಲ್ಲವಾದರೆ ಅವರು ಬೇರೆ ಉದ್ಯೋಗ ಹಿಡಿಯುತ್ತಾರೆ. ಆದ್ದರಿಂದ ಟಿಕೆಟ್ಟಿನಿಂದಲೇ ಪೂರ್ತಿ ಖರ್ಚನ್ನು ಹುಟ್ಟಿಸುತ್ತೇವೆಂದು ಹೊರಟ ರಂಗಸಂಸ್ಥೆ ವರ್ಷದಿಂದ ವರ್ಷಕ್ಕೆ ದರ ಏರಿಸುತ್ತ ಹೋಗಬೇಕಾಗುತ್ತದೆ, ಇಲ್ಲವೇ ಪಾತ್ರಗಳನ್ನು ಕಡಿಮೆ ಮಾಡುತ್ತ ಒಬ್ಬರೇ ನಟಿಸುವ ನಾಟಕಕ್ಕೆ ಬಂದು ನಿಲ್ಲಬೇಕಾಗುತ್ತದೆ. ಈ ಅಂತರವನ್ನು ತುಂಬುವುದಕ್ಕೆಂದೇ ಅನುದಾನವಿರುವುದು. ಅದನ್ನು ಪಡೆದ ಮೇಲೂ 200 ರೂಪಾಯಿಯ ಒಂದೇ ದರ ಇಟ್ಟರೆ, ಅನುದಾನ ಕೊಟ್ಟ ಉದ್ದೇಶವೇ ಬಾಗಿಲ ಹೊರಗೆ ಉಳಿದಂತೆ.

ಹಾಗಿದ್ದರೆ ಟಿಕೆಟ್ ಯಾವ ಕೆಲಸಕ್ಕೆ? ಖರ್ಚಿನ ಒಂದು ಭಾಗ ಅದರಿಂದ ಬರುತ್ತದೆಂಬುದು ನಿಜವಾದರೂ ನನ್ನ ದೃಷ್ಟಿಯಲ್ಲಿ ಅದರ ಮುಖ್ಯ ಕೆಲಸ ಬೇರೆ: “ಬರುತ್ತೇನೆ” ಎಂದು ಪ್ರೇಕ್ಷಕರು ಕೊಟ್ಟ ಮಾತಿಗೆ ಅದು ಗುರುತು. ಕೆಲವು ವರ್ಷಗಳ ಹಿಂದೆ ಅವಳಿ ನಗರದ ರಂಗಮಂದಿರವೊಂದರಲ್ಲಿ ಉಚಿತ ಪ್ರದರ್ಶನವಿದ್ದ ಸಂಜೆ ಬಾಗಿಲು ಕಾಯುವ ಹೊಣೆ ನನಗಿತ್ತು. ಪಾಸುಗಳು ವಾರದ ಮೊದಲೇ ಹಂಚಿ ಮುಗಿದಿದ್ದುದರಿಂದ, ಪಾಸಿಲ್ಲದೆ ನವಲಗುಂದದಿಂದ ಬಸ್ಸಿನಲ್ಲಿ ಬಂದಿದ್ದ ಇಬ್ಬರು ಕಾಲೇಜು ಹುಡುಗರನ್ನು ನಾನು ಹೊರಗಿನಿಂದಲೇ ಹಿಂದಕ್ಕೆ ಕಳಿಸಿದೆ. ಮೂರನೆಯ ಗಂಟೆ ಬಾರಿಸಿದ ಮೇಲೆ ಒಳಗೆ ಹೋಗಿ ನೋಡಿದರೆ, ಮುಂದಿನ ಎರಡು ಸಾಲುಗಳಲ್ಲಿ “ಕಾಯ್ದಿರಿಸಲಾಗಿದೆ” ಎಂಬ ಚೀಟಿ ಅಂಟಿಸಿದ ಕುರ್ಚಿಗಳು ಹಾಗೆಯೇ ಖಾಲಿ ಇದ್ದವು. ನಡುವಿನ ಸಾಲುಗಳಲ್ಲಿಯೂ ಪಾಸು ಒಯ್ದು ಬಾರದೆ ಉಳಿದವರ ಜಾಗ ಎದ್ದು ಕಾಣುತ್ತಿತ್ತು. ಓಡಿಹೋಗಿ ಹೊರಗೆ ನೋಡುವಷ್ಟರಲ್ಲಿ ಹುಡುಗರು ಹೋಗಿಬಿಟ್ಟಿದ್ದರು. ಪಾಸು ಒಯ್ದವರು ದುಡ್ಡು ಕೊಟ್ಟಿರಲಿಲ್ಲವಾದ್ದರಿಂದ ಬಾರದೆ ಉಳಿದರೂ ಅವರಿಗೆ ಏನೂ ನಷ್ಟವಿರಲಿಲ್ಲ. ನಷ್ಟವೆಲ್ಲ ಆ ಇಬ್ಬರದು. ಅಂದಿನಿಂದ ನಾನು 10 ರೂಪಾಯಿಯಾದರೂ ಸರಿ, ದರವಿಲ್ಲದ ಪ್ರದರ್ಶನ ಬೇಡವೆಂದು ವಾದಿಸುತ್ತ ಬಂದಿದ್ದೇನೆ.

ಈಗ ಲೆಕ್ಕ. ಕೆಳಗಿನ ಅಂಕಿಗಳು ವಿಷಯ ತಿಳಿಸಲು ನಾನು ಇಟ್ಟುಕೊಂಡವು, ತಾವು ತಮ್ಮ ತಂಡದ ಅಂಕಿಗಳನ್ನು ಅಲ್ಲಿ ಹಾಕಿಕೊಳ್ಳಬೇಕು. ರಂಗಮಂದಿರದಲ್ಲಿ 400 ಕುರ್ಚಿಗಳಿವೆ, ಬಾಡಿಗೆ, ಬೆಳಕು, ಸಾಗಾಟ, ಸಂಭಾವನೆ ಎಲ್ಲ ಸೇರಿ ಒಂದು ಪ್ರದರ್ಶನಕ್ಕೆ 60,000 ರೂಪಾಯಿ ಖರ್ಚು ಎಂದುಕೊಳ್ಳೋಣ. ಉಚಿತವಾಗಿಟ್ಟಾಗ 250 ಜನ ಬಂದರೆ, ಒಬ್ಬೊಬ್ಬ ಪ್ರೇಕ್ಷಕರಿಗಾಗಿ ಸಾರ್ವಜನಿಕ ಹಣ ವ್ಯಯವಾಗುವುದು 240 ರೂಪಾಯಿ. ಎಲ್ಲರಿಗೂ 100 ರೂಪಾಯಿ ಇಟ್ಟು 220 ಜನ ಬಂದರೆ ಗೇಟ್ ಕಲೆಕ್ಷನ್ 22,000. ಉಳಿದ 38,000ವನ್ನು ಹಂಚಿದರೆ ತಲಾ ಸುಮಾರು 173 ರೂಪಾಯಿ. ಇನ್ನು ಮೂರು ದರ ಇಟ್ಟು, 250 ರೂಪಾಯಿಯ 50 ಟಿಕೆಟ್, 100 ರೂಪಾಯಿಯ 130 ಟಿಕೆಟ್, 30 ರೂಪಾಯಿಯ 110 ಟಿಕೆಟ್ ಹೋದವೆನ್ನಿ. ಬರುವವರು 290 ಜನ, ಕಲೆಕ್ಷನ್ 28,800, ಅನುದಾನದ ಹೊರೆ ತಲಾ ಸುಮಾರು 108 ರೂಪಾಯಿ. ಜನರೂ ಹೆಚ್ಚು, ಹಣವೂ ಹೆಚ್ಚು. ಶಕ್ತಿಯುಳ್ಳವರಿಂದ ಹೆಚ್ಚು ಪಡೆಯುವ ದರಪಟ್ಟಿಯಿಂದ ಇದು ಸಾಧ್ಯವಾಗುತ್ತದೆ. ಎಲ್ಲರಿಗೂ ಒಂದೇ ದರವೆಂಬುದು ನೋಡಲು ಸಮಾನತೆಯಂತೆ ಕಂಡರೂ 30 ರೂಪಾಯಿ ಮಾತ್ರ ಕೊಡಬಲ್ಲ ಹಲವರನ್ನು ಅದು ಮನೆಯಲ್ಲಿಯೇ ಕೂರಿಸುತ್ತದೆ. ರಂಗಸಂಸ್ಥೆಗಳು ವರ್ಷದ ವರದಿಯಲ್ಲಿ ಒಟ್ಟು ಕಲೆಕ್ಷನ್ ಜೊತೆಗೆ ಈ ತಲಾ ಅನುದಾನವನ್ನೂ, ಅಗ್ಗದ ಟಿಕೆಟ್ಟುಗಳು ಯಾರ ಕೈಸೇರಿದವು ಎಂಬುದನ್ನೂ ಬರೆಯುವ ರೂಢಿಯಾದರೆ ಟಿಕೆಟ್ ಕುರಿತ ಅರ್ಧ ಜಗಳ ತಾನಾಗಿ ನಿಲ್ಲುತ್ತದೆ.

ಅಗ್ಗದ ಕುರ್ಚಿಗಳನ್ನು ಎಲ್ಲಿ ಇಡುತ್ತೀರಿ ಎಂಬುದೂ ದರದಷ್ಟೇ ಮುಖ್ಯ. ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ನಿಕೊಲಸ್ ಹೈಟ್ನರ್ ನಿರ್ದೇಶಕರಾಗಿ ಬಂದ 2003ರಲ್ಲಿ, ಅಲ್ಲಿಯ ದೊಡ್ಡ ರಂಗಮಂದಿರದ ಮೂರರಲ್ಲಿ ಎರಡು ಪಾಲು ಕುರ್ಚಿಗಳನ್ನು ಒಂದು ಋತುವಿಡೀ 10 ಪೌಂಡಿಗೆ ಕೊಟ್ಟರು. ಖಾಸಗಿ ಪ್ರಾಯೋಜಕರ ನೆರವು ಪಡೆದರು, ಜೊತೆಗೆ ಆ ನಾಟಕಗಳ ರಂಗಸಜ್ಜಿಕೆಯನ್ನು ಸರಳವಾಗಿಟ್ಟು ಖರ್ಚನ್ನೂ ಇಳಿಸಿದರು. ಹಿಂದಿನ ಮೂಲೆಯ ನಾಲ್ಕು ಕುರ್ಚಿಗಳಿಗೆ ಸೀಮಿತವಾಗಿದ್ದರೆ ಈ ಯೋಜನೆಗೆ ಯಾವ ಬೆಲೆಯೂ ಇರುತ್ತಿರಲಿಲ್ಲ. ತಾವು 30 ರೂಪಾಯಿಯ ಟಿಕೆಟ್ ಇಡುವುದಾದರೆ ಮುಂದಿನ ಐದು ಸಾಲುಗಳಲ್ಲಿಯೂ ಅದಕ್ಕೆ ಒಂದಿಷ್ಟು ಜಾಗ ಕೊಡಿ. ನಟರ ಮುಖದ ಬೆವರು ಕಾಣುವಷ್ಟು ಹತ್ತಿರ ಕುಳಿತು ನೋಡಿದವರು ಮತ್ತೊಮ್ಮೆ ಬರುತ್ತಾರೆ.

ಪ್ರಶ್ನೆ: ರೈಲಿನಲ್ಲಿ ಸೀಟು ಭರ್ತಿಯಾದಂತೆ ದರ ಏರುತ್ತದೆ. ಹಬ್ಬದ ಸಮಯದಲ್ಲಿ ಬೆಂಗಳೂರಿನ ಖಾಸಗಿ ಬಸ್ಸುಗಳ ದರವೂ ಹಾಗೆಯೇ. ಜನಪ್ರಿಯ ನಾಟಕಗಳಿಗೆ ರಂಗಾಯಣದಂತಹ ಸಂಸ್ಥೆಗಳು ಇದೇ ವಿಧಾನ ಅನುಸರಿಸಿ ಆದಾಯ ಹೆಚ್ಚಿಸಿಕೊಳ್ಳಬಾರದೇಕೆ?
— ನಿವೃತ್ತ ರೈಲ್ವೆ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ತಾವು ಉಲ್ಲೇಖಿಸಿದ ಕ್ರಮವನ್ನು ಭಾರತೀಯ ರೈಲ್ವೆ 2016ರ ಸೆಪ್ಟೆಂಬರಿನಲ್ಲಿ ರಾಜಧಾನಿ, ಶತಾಬ್ದಿ ಮತ್ತು ದುರಂತೊ ರೈಲುಗಳಲ್ಲಿ ಆರಂಭಿಸಿತು, ಪ್ರತಿ ನೂರಕ್ಕೆ 10ರಷ್ಟು ಆಸನ ಮಾರಾಟವಾದಂತೆಲ್ಲ ಮೂಲ ದರದ ಮೇಲೆ ಶೇ. 10ರಷ್ಟು ಏರುತ್ತ ಗರಿಷ್ಠ ಒಂದೂವರೆ ಪಟ್ಟಿನವರೆಗೆ ಹೋಗುವ ವ್ಯವಸ್ಥೆ ಅದು. ಆ ರೈಲುಗಳಲ್ಲಿ ಹೋಗಲೇಬೇಕಾದವರು ಇದ್ದರು, ಆಸನಗಳಿಗೆ ಕೊರತೆಯೂ ಇತ್ತು. ನಮ್ಮ ಕಡೆಯ ರಂಗಮಂದಿರಗಳ ಸ್ಥಿತಿ ಹಾಗಿಲ್ಲ. ನಮಗೆ ಕೊರತೆಯಿರುವುದು ಪ್ರೇಕ್ಷಕರದು. ನಾಟಕಕ್ಕೆ ಬರಲೇಬೇಕೆಂಬ ಒತ್ತಾಯ ಯಾರಿಗೂ ಇಲ್ಲದಿರುವುದರಿಂದ, ನಿನ್ನೆ 100 ಇದ್ದ ಟಿಕೆಟ್ ಇಂದು 140 ಆಗಿದೆಯೆಂದು ತಿಳಿದವರು ಬೇಸರಪಟ್ಟು ಸುಮ್ಮನೆ ಉಳಿದುಬಿಡುತ್ತಾರೆ. ಇನ್ನೂ ಒಂದು ಮಾತಿದೆ. ಒಂದೇ ಓಣಿಯ ಇಬ್ಬರು ಅಕ್ಕಪಕ್ಕದ ಕುರ್ಚಿಯಲ್ಲಿ ಕುಳಿತು, ತಾವು ಕೊಟ್ಟ ದುಡ್ಡು ಬೇರೆ ಬೇರೆ ಎಂದು ಮಧ್ಯಂತರದಲ್ಲಿ ಕಂಡುಕೊಂಡರೆ, ಖಾಸಗಿ ಬಸ್ಸಿನವರನ್ನು ಬೈದಂತೆ ಸರ್ಕಾರಿ ರಂಗಸಂಸ್ಥೆಯನ್ನೂ ಬೈಯುತ್ತಾರೆ. ಸಾರ್ವಜನಿಕ ಸಂಸ್ಥೆಗೆ ಆ ವಿಶ್ವಾಸದ ನಷ್ಟ ಗಳಿಸಿದ 40 ರೂಪಾಯಿಗಿಂತ ದೊಡ್ಡದು.

ಆದರೆ ತಮ್ಮ ಸಲಹೆಯೊಳಗಿನ ಒಂದು ಅಂಶವನ್ನು ನಾನು ಒಪ್ಪುತ್ತೇನೆ. ದರಗಳು ಬೇರೆ ಬೇರೆಯಾಗಿರಬಹುದು. ಅವು ಮೊದಲೇ ಬೋರ್ಡಿನ ಮೇಲೆ ಬರೆದಿರಬೇಕು, ಅಷ್ಟೇ. ಶನಿವಾರ, ರವಿವಾರಕ್ಕೆ ಒಂದು ದರ, ಮಂಗಳವಾರಕ್ಕೆ ಅದಕ್ಕಿಂತ ಕಡಿಮೆ ದರ. ವಾರ ಮೊದಲು ಕೊಂಡವರಿಗೆ ರಿಯಾಯಿತಿ. ಇವೆಲ್ಲ ಎಲ್ಲರಿಗೂ ಗೊತ್ತಿರುವ ನಿಯಮಗಳಾದ್ದರಿಂದ ಯಾರಿಗೂ ಮೋಸವೆನಿಸುವುದಿಲ್ಲ. ಕೊನೆಯ ಗಳಿಗೆಯ ಕಡಿತದ ಬಗ್ಗೆ ಮಾತ್ರ ಎಚ್ಚರ ಬೇಕು. ಮಾರಾಟವಾಗದ ಕುರ್ಚಿ ಸಂತೆಯ ಮೆಂತ್ಯ ಪಲ್ಲೆಯ ಕಟ್ಟಿನಂತೆ, ಸಂಜೆ ದಾಟಿದರೆ ಅದಕ್ಕೆ ಬೆಲೆಯಿಲ್ಲ, ಹಾಗಾಗಿ ಬಂದಷ್ಟಕ್ಕೆ ಕೊಡುವ ಮನಸ್ಸಾಗುವುದು ಸಹಜ. ಆದರೆ ಕತ್ತಲಾದ ಮೇಲೆ ಸಂತೆಗೆ ಹೋದರೆ ಅಗ್ಗವೆಂದು ತಿಳಿದವರು ಮಧ್ಯಾಹ್ನ ಬರುವುದನ್ನು ಬಿಡುವಂತೆ, ಪ್ರದರ್ಶನದ ಹೊತ್ತಿಗೆ ದರ ಇಳಿಯುತ್ತದೆಂದು ಗೊತ್ತಾದ ಪ್ರೇಕ್ಷಕರು ಮುಂಗಡ ಕೊಳ್ಳುವುದನ್ನು ನಿಲ್ಲಿಸುತ್ತಾರೆ. ಆದ್ದರಿಂದ ಕೊನೆಯ ಅರ್ಧ ತಾಸಿನ ಅಗ್ಗದ ಟಿಕೆಟ್ಟನ್ನು ಗುರುತಿನ ಚೀಟಿ ತೋರಿಸುವ ವಿದ್ಯಾರ್ಥಿಗಳಿಗೆ ಮಾತ್ರ, ಕೌಂಟರಿನಲ್ಲಿ ಖುದ್ದಾಗಿ ನಿಂತವರಿಗೆ ಮಾತ್ರ ಇಡುವುದು ಒಳ್ಳೆಯದು. ಅವರಿಗೆ ಸಮಯವಿದೆ, ದುಡ್ಡಿಲ್ಲ. ಸರದಿಯಲ್ಲಿ ನಿಲ್ಲುವ ಶ್ರಮವೇ ಅವರು ಕೊಡುವ ಉಳಿದ ಬೆಲೆ.

ಪ್ರಶ್ನೆ: ನಮ್ಮ ತಂದೆಯವರು ಕಂಪನಿ ನಾಟಕಗಳಲ್ಲಿ ನೆಲ, ಬೆಂಚು, ಕುರ್ಚಿ ಎಂದು ಬೇರೆ ಬೇರೆ ಟಿಕೆಟ್ ಇರುತ್ತಿದ್ದುದನ್ನು ಹೇಳುತ್ತಿದ್ದರು. ಪ್ರಜಾಪ್ರಭುತ್ವದ ಕಾಲದಲ್ಲಿ, ಅದೂ ಸರ್ಕಾರಿ ರಂಗಮಂದಿರದಲ್ಲಿ, ಅಂತಹ ವರ್ಗಭೇದ ಮತ್ತೆ ಬೇಕೇ?
— ಪ್ರೌಢಶಾಲಾ ಶಿಕ್ಷಕಿ, ಗದಗ

ಉತ್ತರ: ಗದಗಿನವರು ಈ ಪ್ರಶ್ನೆ ಕೇಳಿದ್ದು ಸರಿಯೇ ಆಗಿದೆ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ತಮ್ಮ ಊರಿನದು. ವೀರೇಶ್ವರ ಪುಣ್ಯಾಶ್ರಮದ ನಾಟಕ ಕಂಪನಿಯೂ ತಮ್ಮದೇ, ಮತ್ತು ಅದು ಊರೂರು ಕ್ಯಾಂಪು ಮಾಡಿ ಗಳಿಸಿದ್ದು ಆಶ್ರಮದ ಅಂಧ, ಅನಾಥ ಮಕ್ಕಳ ಅನ್ನಕ್ಕೂ ವಿದ್ಯೆಗೂ ನೆರವಾಯಿತು. ಸರ್ಕಾರದ ಅನುದಾನವೆಂಬುದು ಇಲ್ಲದ ಕಾಲದಲ್ಲಿ ಕಂಪನಿಗಳು ಬದುಕಿದ್ದು ಕೂಲಿಕಾರರಿಂದ ಸಾಹುಕಾರರವರೆಗೆ ಎಲ್ಲರೂ ಒಂದೇ ಥೇಟರಿನೊಳಗೆ ಬರುವಂತೆ ದರ ಕಟ್ಟಿದ್ದರಿಂದ. ನೆಲದ ಟಿಕೆಟ್ಟಿನವರೇ ಸಂಖ್ಯೆಯಲ್ಲಿ ಹೆಚ್ಚು, ಸೀಟಿ ಚಪ್ಪಾಳೆಗಳಿಂದ ನಾಟಕದ ಹಣೆಬರಹ ನಿರ್ಧರಿಸುತ್ತಿದ್ದವರೂ ಅವರೇ. ಇಂದಿಗೂ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಥೇಟರು ಹಾಕುವ ಕಂಪನಿಗಳ ದರ್ಜೆವಾರು ಟಿಕೆಟ್ ಪದ್ಧತಿಯನ್ನು ತಾವು ನೋಡಬಹುದು.

ತಮ್ಮ ಅಳುಕು ನನಗೆ ಅರ್ಥವಾಗುತ್ತದೆ. ನೆಲ ಮತ್ತು ಕುರ್ಚಿಯ ನಡುವೆ ಹಗ್ಗ ಕಟ್ಟಿ ಜನರನ್ನು ಬೇರ್ಪಡಿಸಿದ ವ್ಯವಸ್ಥೆಯನ್ನು ಹಾಗೆಯೇ ಮರಳಿ ತರುವುದನ್ನು ನಾನೂ ಬಯಸುವುದಿಲ್ಲ. ಆದರೆ ಟಿಕೆಟ್ ದರ ಬೇರೆಯಾದ ಮಾತ್ರಕ್ಕೆ ಕುರ್ಚಿ ಬೇರೆಯಾಗಬೇಕಿಲ್ಲ. ವಿದ್ಯಾರ್ಥಿಗಳು, ಅಂಗವಿಕಲರು ಮತ್ತು ಅವರ ಜೊತೆಗೆ ಬರುವವರು, ಪೌರಕಾರ್ಮಿಕರು, ಅರವತ್ತು ದಾಟಿದವರು ಇವರಿಗೆ ಕಡಿಮೆ ದರ ಇಟ್ಟು ಎಲ್ಲ ಸಾಲುಗಳಲ್ಲಿಯೂ ಕುಳ್ಳಿರಿಸಿದರೆ ಯಾರ ಟಿಕೆಟ್ ಎಷ್ಟರದೆಂದು ಪಕ್ಕದವರಿಗೆ ಗೊತ್ತಾಗುವುದೂ ಇಲ್ಲ. ಅರವತ್ತು ದಾಟಿದವರೆಲ್ಲರಿಗೂ ರಿಯಾಯಿತಿ ಕೊಡುವುದರಲ್ಲಿ ನನಗೆ ಸ್ವಲ್ಪ ಸಂದೇಹವಿದೆಯೆಂದು ಇಲ್ಲಿಯೇ ಹೇಳಿಬಿಡುತ್ತೇನೆ: ಪಿಂಚಣಿ ಬರುವ ನಿವೃತ್ತ ಅಧಿಕಾರಿಗಳಿಗಿಂತ ತಿಂಗಳ ಸಂಬಳ ಕೈಗೆ ಬಂದ ಮರುದಿನವೇ ಮನೆಬಾಡಿಗೆ ಕಟ್ಟುವ ಯುವ ದಂಪತಿಗಳಿಗೆ ನಾಟಕದ ಟಿಕೆಟ್ ದುಬಾರಿ.

ನಿಜವಾದ ವರ್ಗಭೇದ ಇಂದು ಉಳಿದಿರುವುದು ಗೌರವ ಪಾಸಿನಲ್ಲಿ. ಅತ್ಯುತ್ತಮ ಕುರ್ಚಿಗಳು ಅಲ್ಲಿ ಶೂನ್ಯ ದರಕ್ಕೆ ಹೋಗುತ್ತವೆ, ಮತ್ತು ಹೋಗುವುದು ಟಿಕೆಟ್ ಕೊಳ್ಳುವ ಶಕ್ತಿ ಎಲ್ಲರಿಗಿಂತ ಹೆಚ್ಚಾಗಿರುವವರಿಗೆ. ಅನುದಾನ ಪಡೆಯುವ ಪ್ರತಿ ಪ್ರದರ್ಶನದಲ್ಲಿ ಪಾಸುಗಳು ಇಂತಿಷ್ಟನ್ನು ಮೀರಬಾರದು, ನಾಟಕ ಆರಂಭವಾಗಲು ಹತ್ತು ನಿಮಿಷವಿರುವಾಗ ಬಾರದವರ ಕುರ್ಚಿಯನ್ನು ಹೊರಗೆ ನಿಂತವರಿಗೆ ಕೊಡಬೇಕು ಎಂಬೆರಡು ನಿಯಮಗಳನ್ನು ಟಿಕೆಟ್ಟಿನ ಹಿಂಬದಿಯಲ್ಲಿ ಅಚ್ಚು ಹಾಕಿಸಿ ತಪ್ಪದೆ ಪಾಲಿಸಿದರೆ, ತಾವು ಬಯಸುವ ಪ್ರಜಾಪ್ರಭುತ್ವ ಬಹುಪಾಲು ಬಂದಂತೆಯೇ.

ಪ್ರಶ್ನೆ: ನಮ್ಮ ಹಳ್ಳಿಯಲ್ಲಿ ನಾಟಕಕ್ಕೆ ಟಿಕೆಟ್ ಇಡುವ ವಾಡಿಕೆಯಿಲ್ಲ, ಮನೆಮನೆಯಿಂದ ಪಟ್ಟಿ ಎತ್ತುತ್ತೇವೆ, ಕೊಟ್ಟವರೂ ಕೊಡದವರೂ ನೋಡುತ್ತಾರೆ. ಪಟ್ಟಣದ ರಂಗಮಂದಿರಗಳಲ್ಲಿಯೂ “ಮನಸ್ಸಿಗೆ ಬಂದಷ್ಟು ಕೊಡಿ” ಎಂಬ ಪದ್ಧತಿ ನಡೆಯಬಹುದೇ?
— ಯುವಕ ಮಂಡಳದ ಸದಸ್ಯರು, ಹಾನಗಲ್ಲ ತಾಲೂಕು, ಹಾವೇರಿ ಜಿಲ್ಲೆ

ಉತ್ತರ: ಹಳ್ಳಿಯವರೇ ಸೇರಿ ನಾಟಕ ಕಟ್ಟಿ ಹೆಸರು ಮಾಡಿದ ಶೇಷಗಿರಿ ತಮ್ಮ ತಾಲೂಕಿನಲ್ಲಿಯೇ ಇದೆಯಾದ್ದರಿಂದ ಈ ವಿಷಯದಲ್ಲಿ ತಮಗೆ ನಾನು ಹೇಳುವುದಕ್ಕಿಂತ ತಮ್ಮಿಂದ ನಾವು ಕಲಿಯುವುದು ಹೆಚ್ಚು. ಪಟ್ಟಿ ಎತ್ತುವ ಪದ್ಧತಿ ನಡೆಯುವುದಕ್ಕೆ ಕಾರಣ, ಅಲ್ಲಿ ಯಾರು ಎಷ್ಟು ಕೊಟ್ಟರೆಂಬುದು ಊರಿಗೆಲ್ಲ ಗೊತ್ತಿರುತ್ತದೆ, ಪಾರ್ಟು ಮಾಡುವವರು ಮನೆಯವರೇ ಆಗಿರುತ್ತಾರೆ, ನಾಟಕದ ಮಾಸ್ತರರಿಗೂ ಸೀನ್ಸಿನವರಿಗೂ ಎಷ್ಟು ಕೊಡಬೇಕಾಯಿತೆಂಬುದೂ ಕಟ್ಟೆಯ ಮೇಲೆ ಚರ್ಚೆಯಾಗಿರುತ್ತದೆ. ಅಪರಿಚಿತರೇ ಹೆಚ್ಚಾಗಿರುವ ಪಟ್ಟಣದ ರಂಗಮಂದಿರದಲ್ಲಿ ಈ ಹಂಗು ಇರುವುದಿಲ್ಲ.

ಹಾಗಿದ್ದರೂ ಇದನ್ನು ಹೊರದೇಶಗಳಲ್ಲಿ ಪ್ರಯೋಗಿಸಿದ್ದಾರೆ. ಇಂಗ್ಲೆಂಡಿನ ಸ್ಟಾಕ್‌ಟನ್ ಎಂಬ ಊರಿನ ಆರ್ಕ್ ಎಂಬ ಸಾರ್ವಜನಿಕ ಅನುದಾನದ ಕಲಾಕೇಂದ್ರ 2015ರಿಂದ, ನಾಟಕ ನೋಡಿದ ಮೇಲೆ ತಮಗೆ ಸರಿತೋರಿದಷ್ಟನ್ನು ಪ್ರೇಕ್ಷಕರೇ ನಿರ್ಧರಿಸಿ ಕೊಡುವ ಪದ್ಧತಿಗೆ ಬಂದಿತು. ಗುರುತಿಲ್ಲದ ಹೊಸ ನಾಟಕಕ್ಕೆ ದುಡ್ಡು ಹಾಕಿ ಕೈಸುಟ್ಟುಕೊಳ್ಳುವ ಭಯವನ್ನು ಪ್ರೇಕ್ಷಕರಿಂದ ದೂರಮಾಡುವುದು ಅದರ ಉದ್ದೇಶ. ಅಮೆರಿಕದ ಮಿನಿಯಾಪೊಲಿಸ್ ನಗರದ ಮಿಕ್ಸ್‌ಡ್ ಬ್ಲಡ್ ಎಂಬ ರಂಗಸಂಸ್ಥೆ 2011ರಲ್ಲಿ, ಪ್ರದರ್ಶನದ ದಿನ ಬಾಗಿಲಿಗೆ ಬಂದವರಿಗೆ ಉಚಿತ ಪ್ರವೇಶ, ಮುಂಚಿತವಾಗಿ ಕುರ್ಚಿ ಖಾತ್ರಿ ಬೇಕೆನ್ನುವವರಿಂದ ಮಾತ್ರ ಹಣ ಎಂಬ ವ್ಯವಸ್ಥೆ ಮಾಡಿತು. ನಾನು ಮೇಲೆ ಉಚಿತ ಪ್ರದರ್ಶನವನ್ನು ವಿರೋಧಿಸಿದ್ದರೂ ಈ ಎರಡನೆಯ ಕ್ರಮವನ್ನು ಒಪ್ಪಲು ನನಗೆ ಅಡ್ಡಿಯಿಲ್ಲ, ಏಕೆಂದರೆ ಅಲ್ಲಿ ಉಚಿತದ ಲಾಭ ಸರದಿಯಲ್ಲಿ ನಿಂತವರಿಗೆ ಸಿಗುತ್ತದೆ, ಪಾಸು ಒಯ್ದು ಮನೆಯಲ್ಲಿ ಉಳಿದವರಿಗಲ್ಲ. ಉಚಿತವೊಂದರಿಂದಲೇ ಹೊಸ ಪ್ರೇಕ್ಷಕರು ಹುಟ್ಟುತ್ತಾರೆಂದು ಮಾತ್ರ ತಿಳಿಯಬಾರದು. ಇಂಗ್ಲೆಂಡಿನಲ್ಲಿ 26 ವರ್ಷದೊಳಗಿನವರಿಗೆ ನಾಟಕದ ಟಿಕೆಟ್ ಉಚಿತವಾಗಿ ಕೊಡುವ ಸರ್ಕಾರಿ ಯೋಜನೆ 2009ರಿಂದ 2011ರವರೆಗೆ ನಡೆದು ನಿಂತುಹೋಯಿತು.

ತಾವು ಯುವಕ ಮಂಡಳದವರಾಗಿರುವುದರಿಂದ ಒಂದು ಕೆಲಸವನ್ನು ಸೂಚಿಸುತ್ತೇನೆ. ಹಾವೇರಿಯ ಅಥವಾ ಧಾರವಾಡದ ಪ್ರದರ್ಶನಕ್ಕೆ ಊರಿನಿಂದ ಐವತ್ತು ಜನರನ್ನು ಕರೆದುಕೊಂಡು ಬರುವುದಾದರೆ ಗುಂಪು ದರ ಕೊಡುವಿರಾ ಎಂದು ಸಂಘಟಕರನ್ನು ಕೇಳಿ. ಐವತ್ತು ಖಾಲಿ ಕುರ್ಚಿಗಳನ್ನು ತಲಾ 20 ರೂಪಾಯಿಗೆ ಕೊಟ್ಟರೂ ಅವರಿಗೆ ನಷ್ಟವಿಲ್ಲ, ಏಕೆಂದರೆ ಐವತ್ತು ಜನ ಹೆಚ್ಚು ಬಂದರೆಂದು ನಾಟಕದ ಖರ್ಚು ಹೆಚ್ಚುವುದಿಲ್ಲ. ಶಾಲೆಗಳೂ ಮಹಿಳಾ ಸ್ವಸಹಾಯ ಸಂಘಗಳೂ ಇದನ್ನು ಮಾಡಬಹುದು. ಸರ್ಕಾರವೂ ರಂಗಮಂದಿರದ ಬಾಡಿಗೆ ರಿಯಾಯಿತಿ ಕೊಡುವಾಗ, ಇಂತಿಷ್ಟು ಕುರ್ಚಿಗಳನ್ನು ಇಂತಹ ಗುಂಪುಗಳಿಗೆ ಅಗ್ಗದ ದರದಲ್ಲಿ ಕಾದಿಡಬೇಕೆಂದು ಷರತ್ತು ಹಾಕಿದರೆ, ಹೊಸದಾಗಿ ಒಂದು ರೂಪಾಯಿಯನ್ನೂ ಮಂಜೂರು ಮಾಡದೆ ಕೆಲಸವಾಗುತ್ತದೆ.

ಪ್ರಶ್ನೆ: ಟಿಕೆಟ್ ಇಟ್ಟರೆ ಜಿಎಸ್‌ಟಿ ಕಟ್ಟಬೇಕಾಗುತ್ತದೆಂದು ಹೆದರಿ ನಮ್ಮ ಸಂಘ ಪ್ರತಿ ಸಲ “ಪ್ರವೇಶ ಉಚಿತ” ಎಂದು ಬರೆಯುತ್ತಿದೆ. ಇದು ಸರಿಯೇ?
— ಸಾಂಸ್ಕೃತಿಕ ಸಂಘವೊಂದರ ಖಜಾಂಚಿ, ಗದಗ

ಉತ್ತರ: ಹೆದರುವ ಕಾರಣವಿಲ್ಲ. ನಾಟಕ, ನೃತ್ಯ, ಸಂಗೀತ ಕಾರ್ಯಕ್ರಮಗಳ ಪ್ರವೇಶ ದರ ಒಬ್ಬರಿಗೆ 500 ರೂಪಾಯಿ ಮೀರದಿದ್ದರೆ ಅದಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. 2017ರ ಜುಲೈನಲ್ಲಿ ಈ ಮಿತಿ 250 ರೂಪಾಯಿ ಇತ್ತು, 2018ರ ಜನವರಿಯಲ್ಲಿ ಅದನ್ನು 500ಕ್ಕೆ ಏರಿಸಿದರು. ಆನ್‌ಲೈನ್ ಬುಕಿಂಗ್ ಸಂಸ್ಥೆಗಳು ಟಿಕೆಟ್ಟಿನ ಮೇಲೆ ವಿಧಿಸುವ ಸೇವಾ ಶುಲ್ಕಕ್ಕೆ ಮಾತ್ರ ತೆರಿಗೆಯುಂಟು, ಮತ್ತು 50 ರೂಪಾಯಿಯ ಟಿಕೆಟ್ಟಿನ ಮೇಲೆ ಆ ಶುಲ್ಕ ಭಾರವಾಗಿ ಕಾಣುವುದರಿಂದ, ಊರಿನ ಪುಸ್ತಕದಂಗಡಿಯಲ್ಲೋ ಖಾನಾವಳಿಯಲ್ಲೋ ಕಾಗದದ ಟಿಕೆಟ್ ಇಟ್ಟು, ಬಾಗಿಲಿನಲ್ಲಿ ಯುಪಿಐ ಕ್ಯೂಆರ್ ಅಂಟಿಸುವುದು ಸಣ್ಣ ಸಂಘಗಳಿಗೆ ಅನುಕೂಲ. ಲೆಕ್ಕಪತ್ರವನ್ನು ಮಾತ್ರ ಕ್ರಮಸಂಖ್ಯೆಯ ಟಿಕೆಟ್ ಪುಸ್ತಕದಲ್ಲಿ ಇಡಿ. ಅನುದಾನದ ಬಳಕೆ ಪ್ರಮಾಣಪತ್ರ ಕೊಡುವಾಗ ಅದು ನೆರವಿಗೆ ಬರುತ್ತದೆ.

ಪ್ರಶ್ನೆ: ಟಿಕೆಟ್ 50 ರೂಪಾಯಿ ಇರಲಿ, 100 ಇರಲಿ, ನನಗೆ ಅದು ಹೊರೆಯಲ್ಲ. ಆದರೆ ಏಳು ಗಂಟೆಯ ನಾಟಕ ಅತಿಥಿಗಳ ಭಾಷಣ ಮುಗಿದು ಏಳೂಮುಕ್ಕಾಲಿಗೆ ಆರಂಭವಾಗಿ ಹತ್ತೂವರೆಗೆ ಮುಗಿದರೆ, ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಂದ ನನ್ನಂತಹ ಹೆಣ್ಣುಮಕ್ಕಳು ಮನೆ ಮುಟ್ಟುವುದು ಹೇಗೆ? ದರ ಕುರಿತ ಚರ್ಚೆಯಲ್ಲಿ ಇದನ್ನು ಯಾರೂ ಎತ್ತುವುದಿಲ್ಲ.
— ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ತಾವು ಎತ್ತಿದ್ದು ದರದ ಪ್ರಶ್ನೆಯೇ. ತಮ್ಮ ಪಾಲಿಗೆ ನಾಟಕದ ಬೆಲೆಯೆಂದರೆ ಟಿಕೆಟ್, ಚಿಗರಿ ಬಸ್ಸಿನ ಚಾರ್ಜು, ಬಸ್ಸು ತಪ್ಪಿದರೆ ಆಟೋದವರು ಕೇಳಿದಷ್ಟು, ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರ ಉಪಕಾರ, ಮತ್ತು ದಾರಿಯುದ್ದಕ್ಕೂ ಎದೆಯಲ್ಲಿರುವ ಆತಂಕ, ಇವೆಲ್ಲ ಸೇರಿದ್ದು. ಇದರಲ್ಲಿ ಟಿಕೆಟ್ಟಿನ ಪಾಲು ಎಲ್ಲಕ್ಕಿಂತ ಸಣ್ಣದು. 50 ರೂಪಾಯಿಯನ್ನು 30ಕ್ಕೆ ಇಳಿಸಿ, ನಾಟಕವನ್ನು ಮುಕ್ಕಾಲು ತಾಸು ತಡಮಾಡಿದ ಸಂಘಟಕರು ತಮಗೆ ದರ ಏರಿಸಿದ್ದಾರೆಯೇ ಹೊರತು ಇಳಿಸಿಲ್ಲ.

ಇದನ್ನು ಮನಗಂಡು ಕೆಲಸ ಮಾಡಿದವರು ಫ್ರಾನ್ಸಿನ ಜಾನ್ ವಿಲಾರ್. 1951ರಲ್ಲಿ ಪ್ಯಾರಿಸ್ಸಿನ ಸರ್ಕಾರಿ ಜನತಾ ರಂಗಮಂದಿರದ ಹೊಣೆ ಹೊತ್ತ ಅವರು ಟಿಕೆಟ್ ದರ ಇಳಿಸುವುದರೊಂದಿಗೆ, ಕುರ್ಚಿ ತೋರಿಸುವವರಿಗೆ ಭಕ್ಷೀಸು ಕೊಡುವ ಪದ್ಧತಿಯನ್ನು ನಿಲ್ಲಿಸಿದರು, ನಗರದ ಅಂಚಿನ ಬಡಾವಣೆಗಳಲ್ಲಿ ಉಳಿಯುವ ಕೆಲಸಗಾರರು ನೋಡಿ ಮನೆ ಮುಟ್ಟುವಂತೆ ನಾಟಕವನ್ನು ಮೊದಲಿಗಿಂತ ಬೇಗ ಆರಂಭಿಸಿದರು, ಆ ಬಡಾವಣೆಗಳಿಗೇ ನಾಟಕವನ್ನು ಒಯ್ದರು ಕೂಡ. ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ರಂಗಶಂಕರವು ಹೇಳಿದ ಹೊತ್ತಿಗೆ ನಾಟಕ ಆರಂಭಿಸುವ, ತಡವಾಗಿ ಬಂದವರನ್ನು ಒಳಗೆ ಬಿಡದ ಶಿಸ್ತನ್ನು ಬೆಳೆಸಿತು. ಮೊದಮೊದಲು ಬಾಗಿಲಿನಲ್ಲಿ ಮುನಿಸಿಕೊಂಡವರೇ ಮುಂದೆ ಹೊತ್ತಿಗೆ ಸರಿಯಾಗಿ ಬರುವುದನ್ನು ರೂಢಿಸಿಕೊಂಡರು.

ನಮ್ಮಲ್ಲಿ ಏನು ಮಾಡಬಹುದು? ಆರೂವರೆಗೆ ಸರಿಯಾಗಿ ಪರದೆ ಏಳಬೇಕು. ಅತಿಥಿಗಳ ಭಾಷಣ, ಸನ್ಮಾನ, ವಂದನಾರ್ಪಣೆ ಬೇಕೇ ಬೇಕೆನ್ನುವವರು ಅವುಗಳನ್ನು ನಾಟಕ ಮುಗಿದ ಮೇಲೆ ಇಟ್ಟುಕೊಳ್ಳಲಿ. ಕೇಳಬೇಕೆನ್ನುವವರು ಕುಳಿತು ಕೇಳುತ್ತಾರೆ, ಬಸ್ಸು ಹಿಡಿಯುವವರು ಹೊರಡುತ್ತಾರೆ. ಮುಗಿಯುವ ವೇಳೆಯನ್ನು ಆರಂಭದ ವೇಳೆಯಷ್ಟೇ ದೊಡ್ಡ ಅಕ್ಷರದಲ್ಲಿ ಪೋಸ್ಟರಿನ ಮೇಲೆ ಅಚ್ಚು ಹಾಕಿಸಲಿ. ವಾರದ ಒಂದು ಪ್ರದರ್ಶನವನ್ನು ರವಿವಾರ ಮಧ್ಯಾಹ್ನ ಮೂರು ಗಂಟೆಗೆ ಇಟ್ಟು, ಅದಕ್ಕೆ ಮಕ್ಕಳ ಟಿಕೆಟ್ 10 ರೂಪಾಯಿ ಮಾಡಿದರೆ ತಮ್ಮಂತಹವರು ಮಕ್ಕಳನ್ನು ಕರೆದುಕೊಂಡೇ ಬರಬಹುದು. ತಮ್ಮ ಪತ್ರದ ಪ್ರತಿಯನ್ನು, ತಮ್ಮ ಹೆಸರನ್ನು ತೆಗೆದು, ಅವಳಿ ನಗರದ ಮೂರು ರಂಗಮಂದಿರಗಳ ವ್ಯವಸ್ಥಾಪಕರಿಗೆ ನಾನು ಕಳಿಸಿದ್ದೇನೆ. ಅವರಿಂದ ಬರುವ ಉತ್ತರವನ್ನು ಮುಂದಿನ ಸಂಚಿಕೆಯಲ್ಲಿ ಇಲ್ಲಿಯೇ ಪ್ರಕಟಿಸಲಾಗುವುದು.